ಗುರುತು ಅಳಿಸಿದ ಗಾಜು

ಮಧುಗಿರಿ ಸೀಮೆಯ ಹಳ್ಳಿಗಳನ್ನು ಸುತ್ತುವ ಕಿರಿಯ ಡಾಕ್ಟರಾಗಿ ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಬೆಂಗಳೂರಿನಿಂದ ಒಂದು ಮರದ ಪೆಟ್ಟಿಗೆ ಬಂತು. ಮೊಳದಷ್ಟು ಎತ್ತರ, ಮೇಲೆ ಹಿತ್ತಾಳೆಯ ಹಿಡಿ, ಮುಂದೆ ಪುಟ್ಟ ಬೀಗ. ಒಳಗೆ ಕಾಲು ಮಡಚಿ ಇಡಬಹುದಾದ ಸೂಕ್ಷ್ಮದರ್ಶಕ. ಅಂಥ ಯಂತ್ರವನ್ನು ನಾನು ಅದುವರೆಗೆ ಕಾಲೇಜಿನ ಪ್ರಯೋಗಶಾಲೆಯ ಮೇಜಿನ ಮೇಲೆ ಮಾತ್ರ ನೋಡಿದ್ದೆ. ಹಳ್ಳಿಯಲ್ಲಿ ರೋಗಿಯ ರಕ್ತವನ್ನೋ ಕಫವನ್ನೋ ಗಾಜಿನ ಪಟ್ಟಿಗೆ ಸವರಿ, ಹತ್ತಿಯಲ್ಲಿ ಸುತ್ತಿ, ಅಂಚೆಯಲ್ಲಿ ಕಳಿಸಿದರೆ ಉತ್ತರ ಬರುವ ಹೊತ್ತಿಗೆ ರೋಗಿ ಎದ್ದು ಓಡಾಡುತ್ತಿದ್ದ, ಇಲ್ಲವೇ ಮಣ್ಣಾಗಿರುತ್ತಿದ್ದ. ಈಗ ಒಂದು ಜಗುಲಿ, ಸ್ವಲ್ಪ ಬಿಸಿಲು ಸಿಕ್ಕರೆ ಸಾಕು, ಅಲ್ಲೇ ಕೂತು ನೋಡಿ ಅಲ್ಲೇ ಹೇಳಬಹುದಿತ್ತು. ಆಗ ನನಗೆ ಇಪ್ಪತ್ತಾರು ವರ್ಷ. ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಪೇಟೆ ಬೀದಿಯಲ್ಲಿ ನಡೆದರೆ ನನ್ನ ನಡಿಗೆಯೇ ಬದಲಾಗುತ್ತಿತ್ತು.

ನನ್ನ ಜೊತೆ ಬರುತ್ತಿದ್ದವರು ಒಬ್ಬ ಕಾಂಪೌಂಡರು. ಶಿರಾದ ಸಾಬರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಗಾಯ ತೊಳೆಯುವುದು, ಔಷಧಿ ಕಲೆಸುವುದು, ಅಳುವವರನ್ನು ಸಮಾಧಾನ ಮಾಡುವುದು ಎಲ್ಲವೂ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಯಂತ್ರವನ್ನು ಅವರು ಖುರ್ದುಬೀನು ಎನ್ನುತ್ತಿದ್ದರು. ಹಳ್ಳಿಯವರು ದುರ್ಬೀನು ಎನ್ನುತ್ತಿದ್ದರು. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡ ಬಸ್ಸು ಕೆಮ್ಮುತ್ತ ಏರು ಹತ್ತುವಾಗ ಜನ ಇಳಿದು ನಡೆಯಬೇಕಾಗುತ್ತಿತ್ತು. ನಾನು ಪೆಟ್ಟಿಗೆಯನ್ನು ಎದೆಗವಚಿಕೊಂಡು ನಡೆಯುತ್ತಿದ್ದೆ. ಕಾಂಪೌಂಡರು ಉಳಿದದ್ದೆಲ್ಲ ಹೊರುತ್ತಿದ್ದರು.

ಕೊರಟಗೆರೆ ಕಡೆ ತೋವಿನಕೆರೆಯಲ್ಲಿ ಚಳಿಜ್ವರದ ಒಬ್ಬ ರೈತನ ಬೆರಳು ಚುಚ್ಚಿ, ರಕ್ತಕ್ಕೆ ಬಣ್ಣ ಹಾಕಿ ನೋಡಿದೆ. ಜ್ವರದ ರೋಗಾಣು ಸ್ಪಷ್ಟವಾಗಿ ಕಂಡಿತು. ಸಂತೋಷ ತಡೆಯಲಾರದೆ, ಸುತ್ತ ನಿಂತಿದ್ದವರನ್ನು ಕರೆದು ಒಬ್ಬೊಬ್ಬರಿಗೇ ತೋರಿಸಿದೆ. ಸಾಲು ಬಾವಿಕಟ್ಟೆಯ ತನಕ ಬೆಳೆಯಿತು. ನೋಡಿದವರು ಕೆನ್ನೆ ಬಡಿದುಕೊಂಡರು. ಅಂದಿನಿಂದ ಅದೊಂದು ಚಟವಾಯಿತು. ಹೋದ ಕಡೆಯೆಲ್ಲ ರೋಗವನ್ನು ಕಂಡುಹಿಡಿಯುವುದರ ಜೊತೆಗೆ ತೋರಿಸುವುದೂ ನಡೆಯಿತು. "ಹುಳ ತೋರ್ಸೋ ಡಾಕ್ಟ್ರು ಬಂದವ್ರೆ" ಎಂದು ಮಕ್ಕಳು ಕೂಗಿಕೊಂಡು ಓಡುತ್ತಿದ್ದರು. ಆ ಹೆಸರು ನನಗೆ ಹಿತವಾಗಿತ್ತು ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆ ಬೇಸಿಗೆಯಲ್ಲಿ ಹಳ್ಳಿಗಳಲ್ಲಿ ಕುಷ್ಠರೋಗಿಗಳು ಎಷ್ಟಿದ್ದಾರೆಂದು ನೋಡಿ ತಿಳಿಸಬೇಕೆಂದು ಮೇಲಿನಿಂದ ಹುಕುಂ ಬಂತು. ಕುಷ್ಠ ಎಂಬ ಮಾತನ್ನು ಆ ಕಡೆ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ದೊಡ್ರೋಗ ಎನ್ನುತ್ತಿದ್ದರು, ಅದೂ ತಗ್ಗಿದ ದನಿಯಲ್ಲಿ. ಪರೀಕ್ಷೆ ಮಾಡುವ ಕ್ರಮ ಸರಳ. ಕಿವಿಯ ಹಾಲೆಯನ್ನೋ ಚರ್ಮದ ಮಚ್ಚೆಯನ್ನೋ ಬೆರಳಲ್ಲಿ ಒತ್ತಿ ಹಿಡಿದು, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗೀರಿ, ಬಂದ ರಸವನ್ನು ಗಾಜಿನ ಪಟ್ಟಿಗೆ ಸವರುವುದು. ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲ ಬೆರೆಸಿದ ಸ್ಪಿರಿಟ್ಟಿನಲ್ಲಿ ತೊಳೆದು, ಮೇಲೆ ನೀಲಿ ಹಾಕಿದರೆ, ರೋಗಾಣುಗಳಿದ್ದಲ್ಲಿ ನೀಲಿಯ ನಡುವೆ ಕೆಂಪು ಕಡ್ಡಿಗಳ ಹಾಗೆ ಕಾಣುತ್ತವೆ.

ಮಿಡಿಗೇಶಿಯಿಂದ ಎರಡು ಮೈಲಿ ಆಚೆ ಪಾವಗಡದ ದಿಕ್ಕಿಗೆ ಒಂದು ಸಣ್ಣ ಊರು. ಅಲ್ಲಿನ ಪಟೇಲರು ನಮ್ಮ ಪೈಕಿಯವರೇ, ಲಿಂಗಾಯತರು. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಜಗುಲಿ ಸಾರಿಸಿ, ಮಂಚ ಹಾಕಿಸಿ, ಮೇಜು ತರಿಸಿ ಕಾಯುತ್ತಿದ್ದರು. ಐವತ್ತರ ಹತ್ತಿರದ ಗಟ್ಟಿ ಮನುಷ್ಯ, ನಿಧಾನದ ಮಾತು. ಜನ ಬಾಗಿಲಾಚೆ ಗುಂಪಾಗಿ ನಿಂತಿದ್ದರೇ ಹೊರತು ಯಾರೂ ಮುಂದೆ ಬರಲಿಲ್ಲ. ಪಟೇಲರು ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದರು:

"ಮೊದ್ಲು ನನ್ ಕಿವೀನೇ ಕುಯ್ರಿ ಸ್ವಾಮಿ. ಪಟೇಲ್ನೇ ಕೊಟ್ಟ ಅಂದ್ರೆ ಮಿಕ್ಕೋರ್ಗೂ ಭಯ ಹೋಯ್ತದೆ."

ಹಾಗೆ ಮೊದಲ ಗಾಜು ಅವರದಾಯಿತು. ಆಮೇಲೆ ಮೂವರು ಬಂದರು. ಐದನೆಯವಳು ಕಂಬಳಿ ನೇಯುವವರ ಮನೆಯ ಸೊಸೆ, ಇಪ್ಪತ್ತು ಇಪ್ಪತ್ತೆರಡರ ಹೆಂಗಸು. ಕಂಕುಳಲ್ಲಿ ಹಾಲು ಕುಡಿಯುವ ಹೆಣ್ಣುಕೂಸು. ಬಲಗೈ ಮೇಲೆ ನಾಣ್ಯದಗಲ ಬಿಳಿಚಿದ ಮಚ್ಚೆ. ಅತ್ತೆ ಅದನ್ನು ದಿನಾ ನೋಡಿ ದಿನಾ ಏನಾದರೂ ಅನ್ನುತ್ತಿದ್ದಳಂತೆ. ಅದಕ್ಕೆ ತಾನೇ ಬಂದಿದ್ದಳು. ನಾನು ಅವಳಿಗೆ ಕಣ್ಣು ಮುಚ್ಚಲು ಹೇಳಿ ಕೋಳಿಪುಕ್ಕದ ತುದಿಯಿಂದ ಮಚ್ಚೆಯನ್ನು ಮುಟ್ಟಿದೆ. ಆ ರೋಗದ ಮಚ್ಚೆಯಾದರೆ ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಅವಳು ಪ್ರತಿ ಸಲವೂ ಬೆರಳಿಟ್ಟು ತೋರಿಸಿದಳು. "ಇಲ್ಲಿ. ಇಗ ಇಲ್ಲಿ. ಅಯ್ಯೋ ಕಚಗುಳಿ ಆಯ್ತದೆ, ಬುಡಿ ಸ್ವಾಮಿ" ಎಂದು ನಕ್ಕಳು. ಒಂದು ಸಲವೂ ತಪ್ಪಲಿಲ್ಲ. ಆದರೂ ಬಂದಿದ್ದಾಳಲ್ಲ ಎಂದು ಮಚ್ಚೆಯನ್ನು ಗೀರಿ ಗಾಜಿಗೆ ಸವರಿದೆ.

ಗಾಜಿನ ಮೇಲೆ ನಂಬರನ್ನು ವಜ್ರದ ಮೊನೆಯ ಲೇಖನಿಯಿಂದ ಕೊರೆಯಬೇಕು. ಅದನ್ನು ನಾನು ಮಧುಗಿರಿಯಲ್ಲಿ ಮೇಜಿನ ಮೇಲೇ ಮರೆತಿದ್ದೆ. ಮೇಣದ ಪೆನ್ಸಿಲಿನಲ್ಲಿ ಬರೆದಿದ್ದೆ. ಮಧ್ಯಾಹ್ನ ಪಟೇಲರ ಮನೆಯಲ್ಲಿ ಒಬ್ಬಟ್ಟಿನ ಊಟ ಮಾಡಿ ಬಂದು, ಅವಸರವಸರವಾಗಿ ಐದೂ ಗಾಜಿಗೆ ಬಣ್ಣ ಹಾಕಿ, ದೀಪದ ಮೇಲೆ ಕಾಯಿಸಿ, ಒಟ್ಟಿಗೆ ಸ್ಪಿರಿಟ್ಟಿನಲ್ಲಿ ತೊಳೆದೆ. ಒಣಗಿಸಿ ನೋಡಿದರೆ ಮೂರರ ಮೇಲೆ ನಂಬರು ಇತ್ತು. ಎರಡರ ಮೇಲೆ ಇರಲಿಲ್ಲ. ಒಂದು ಮತ್ತು ಐದು ಅಳಿಸಿಹೋಗಿದ್ದವು.

ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ನೋಡಿದೆ. ನಂಬರಿದ್ದ ಮೂರರಲ್ಲಿ ಏನೂ ಇಲ್ಲ. ನಂಬರಿಲ್ಲದ್ದರಲ್ಲಿ ಒಂದು ಖಾಲಿ. ಇನ್ನೊಂದರಲ್ಲಿ ಕೆಂಪು ಕಡ್ಡಿಗಳು, ಕಟ್ಟುಕಟ್ಟಾಗಿ, ಕಣ್ಣು ಹಾಯಿಸಿದ ಕಡೆಯೆಲ್ಲ. ಪುಸ್ತಕದ ಚಿತ್ರದಲ್ಲೂ ಅಷ್ಟು ಚೆನ್ನಾಗಿ ನೋಡಿರಲಿಲ್ಲ ನಾನು.

ಕಾಂಪೌಂಡರು ನನ್ನ ಭುಜದ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಸಾಬ್, ನಿಶಾನಿ ಹೋಗೈತೆ. ಇಬ್ರುದೂ ಇನ್ನೊಂದು ದಫ ತಗೀರಿ. ಗಲತ್ ಆಗ್ಬಾರ್ದು."

ಮತ್ತೆ ತೆಗೆಯಲು ಕಾಲು ಗಂಟೆ ಸಾಕಿತ್ತು. ಬಣ್ಣ ಹಾಕಿ ನೋಡಲು ಇನ್ನರ್ಧ ಗಂಟೆ. ಮಿಡಿಗೇಶಿಗೆ ಬಸ್ಸು ಬರುವ ಹೊತ್ತಾಗಿತ್ತು ಎಂದು ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಸ್ಸು ತಪ್ಪಿದ್ದರೆ ಪಟೇಲರು ಗಾಡಿ ಕಟ್ಟಿಸುತ್ತಿದ್ದರು. ನಿಜವಾದ ಕಾರಣ ಬೇರೆ. ಮತ್ತೆ ಕಿವಿ ಕೊಡಿ ಎಂದು ಪಟೇಲರನ್ನು ಕೇಳಿದರೆ ಯಾಕೆಂದು ಹೇಳಬೇಕು. ಡಾಕ್ಟರು ನಂಬರು ಕಳೆದುಕೊಂಡರು ಎಂದು ಊರಿಗೇ ಗೊತ್ತಾಗುತ್ತದೆ. ಜೊತೆಗೆ, ಮಂಚದ ಮೇಲೆ ಎಲೆಯಡಿಕೆ ಮಡಿಸುತ್ತ ಕೂತಿದ್ದ ಆ ದೊಡ್ಡ ಮನುಷ್ಯರಿಗೆ, ಸ್ವಲ್ಪ ಹೊತ್ತಿನ ಹಿಂದೆ ನನಗೆ ತಮ್ಮ ಕೈಯಾರೆ ತುಪ್ಪ ಬಡಿಸಿದವರಿಗೆ, ಆ ರೋಗ ಇರಬಹುದೆಂಬ ಆಲೋಚನೆಯ ಕಡೆಗೆ ನನ್ನ ಮನಸ್ಸು ತಿರುಗಲೇ ಇಲ್ಲ. ಮಚ್ಚೆ ಇದ್ದದ್ದು ಅವಳಿಗೆ. ಕಂಬಳಿಯವರ ಸೊಸೆಗೆ. ಪುಕ್ಕ ಹೇಳಿದ್ದನ್ನು ಮರೆತೆ. ಮರೆತೆ ಎನ್ನುವುದೂ ಸುಳ್ಳು, ಬದಿಗಿಟ್ಟೆ. ಆ ಗಾಜನ್ನು ಅವಳದೆಂದು ತೀರ್ಮಾನಿಸಿದೆ.

"ಇದು ಐದನೇದು" ಎಂದೆ ಗಟ್ಟಿಯಾಗಿ.

ಕಾಂಪೌಂಡರು ನನ್ನನ್ನೇ ನೋಡಿದರು. ಆಮೇಲೆ ದೀಪ ಆರಿಸಿ ಸೀಸೆಗಳನ್ನು ಜೋಡಿಸತೊಡಗಿದರು.

ಅವಳನ್ನು ಒಳಗೆ ಕರೆದು ಒಬ್ಬಳಿಗೇ ಹೇಳಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ಚಟ ಬಿಡಬೇಕಲ್ಲ! ಅವಳ ಗಂಡನನ್ನು ಕರೆದೆ. ಉಣ್ಣೆಯ ಎಳೆ ಮೈಗಂಟಿದ್ದ ಆ ತೆಳ್ಳನೆಯ ಮನುಷ್ಯ ಕೊಳವೆಗೆ ಕಣ್ಣಿಟ್ಟು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಕೆಂಪ್ಗವೆ" ಎಂದಷ್ಟೇ ಅಂದ. ಅತ್ತೆ ನೋಡಿದಳು. ಹಿಂದೆ ನಿಂತವರು ನುಗ್ಗಿ ನೋಡಿದರು. ಪಟೇಲರೂ ಮಂಚದಿಂದ ಇಳಿದು ಬಂದು, ಒಂದು ಕಣ್ಣನ್ನು ಕೈಯಲ್ಲಿ ಮುಚ್ಚಿಕೊಂಡು ಬಹಳ ಹೊತ್ತು ನೋಡಿದರು. "ಶಿವಶಿವಾ, ಎಂಥ ಕರ್ಮ ಈ ಹುಡ್ಗಿದು" ಎಂದು ತಲೆಯಾಡಿಸಿದರು.

ಕೊನೆಗೆ ಅವಳೇ ಕೇಳಿದಳು: "ನಾನೂ ನೋಡ್ತೀನಿ."

ಜನ ದಾರಿ ಬಿಟ್ಟರು. ಕೂಸನ್ನು ಇಳಿಸದೆ ಬಗ್ಗಿ ನೋಡಿ, ತಲೆಯೆತ್ತಿ ನನ್ನನ್ನು ಕೇಳಿದಳು: "ಇವು ನನ್ ಮೈಯಾಗಿನವೇ ಅಂತ ಹೆಂಗ್ ಹೇಳ್ತೀರಿ ಸ್ವಾಮಿ? ಗುರ್ತು ಏನೈತೆ?"

ಅಷ್ಟು ಜನರಲ್ಲಿ ಆ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. "ಯಂತ್ರ ಸುಳ್ಳು ಹೇಳಲ್ಲಮ್ಮ" ಎಂದು ಗದರಿದೆ.

ಬಸ್ಸಿನಲ್ಲಿ ಕಾಂಪೌಂಡರು ನನ್ನ ಪಕ್ಕ ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತರು.

ಮುಂದಿನ ವಾರದಿಂದ ಅವಳಿಗೆ ಚೌಲಮೊಗ್ರ ಎಣ್ಣೆಯ ಇಂಜೆಕ್ಷನ್ನು ಶುರುವಾಯಿತು. ಆ ರೋಗಕ್ಕೆ ಆಗ ಇದ್ದದ್ದು ಅದೊಂದೇ. ಗಟ್ಟಿ ಎಣ್ಣೆ, ದಪ್ಪ ಸೂಜಿ. ಚುಚ್ಚಿದ ಕಡೆ ಮೂರು ದಿನ ಬಾವು. ಪ್ರತಿ ಗುರುವಾರ ಮಿಡಿಗೇಶಿಯ ಶಾಲೆಯ ಜಗುಲಿಗೆ ಅವಳು ಎರಡು ಮೈಲಿ ನಡೆದು ಬರುತ್ತಿದ್ದಳು. ಮೊದಲ ಗುರುವಾರ ಕೂಸು ಜೊತೆಯಲ್ಲಿರಲಿಲ್ಲ. ರವಿಕೆ ಎದೆಹಾಲಿನಿಂದ ನೆಂದಿತ್ತು. ಕಾಂಪೌಂಡರು ಕೇಳಿದ್ದಕ್ಕೆ ಹೇಳಿದಳು:

"ಅತ್ತೆ ಕಿತ್ಕೊಂಡ್ಬುಟ್ಲು. ಆಡಿನ ಹಾಲು ಕುಡಿಸ್ತವ್ರೆ. ನನ್ನ ಊರಾಚೆ ಗುಡ್ಲಾಗೆ ಮಡಗವ್ರೆ. ಗಾಳಿ ಬಂದ್ರೆ ಕೂಸು ಅಳೋದು ಕೇಳುಸ್ತದೆ ಕಣಣ್ಣ."

ನಾನು ಸೂಜಿ ಕುದಿಸುತ್ತ ಬೆನ್ನು ಹಾಕಿ ನಿಂತಿದ್ದೆ.

ಆರು ವಾರ ಅವಳಿಗೆ ಆ ಎಣ್ಣೆ ಚುಚ್ಚಿದೆ. ಆರನೆಯ ವಾರ ಅವಳ ಮಚ್ಚೆಯಿಂದಲೂ ಎರಡು ಕಿವಿಯಿಂದಲೂ ಮತ್ತೆ ರಸ ತೆಗೆದು, ಈ ಸಲ ವಜ್ರದ ಮೊನೆಯಲ್ಲಿ ಕೊರೆದು ಗುರುತು ಮಾಡಿ, ಮಧುಗಿರಿಗೆ ಒಯ್ದು ಕದ ಹಾಕಿಕೊಂಡು ನೋಡಿದೆ. ಒಂದೇ ಒಂದು ಕೆಂಪು ಕಡ್ಡಿ ಇರಲಿಲ್ಲ. ಅಷ್ಟು ದಟ್ಟವಾಗಿದ್ದ ರೋಗಾಣು ಆರು ವಾರದಲ್ಲಿ ಅಳಿಯುವುದು ಸಾಧ್ಯವೇ ಇಲ್ಲವೆಂದು ಯಾವ ಡಾಕ್ಟರಿಗಾದರೂ ಗೊತ್ತು. ಆದರೂ ನಾನು ಹತ್ತು ದಿನ ಸುಮ್ಮನಿದ್ದೆ. ಹನ್ನೊಂದನೆಯ ದಿನ ಕಾಂಪೌಂಡರು ಬಾಗಿಲಲ್ಲಿ ನಿಂತು ಕೇಳಿದರು:

"ಸಾಬ್, ನೀವು ಹೇಳ್ತೀರೋ, ನಾನು ಹೇಳ್ಲೋ?"

ಹೋಗಿ ಮೊದಲು ಪಟೇಲರನ್ನು ಅವರ ನಡುಮನೆಯಲ್ಲಿ ಕಂಡೆ. ಅವರು ಹಿತ್ತಾಳೆ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದರು. ನನಗೆ ಕೊಟ್ಟ ಲೋಟವನ್ನು ಬಿಸಿಗೆ ಪಂಚೆಯ ಅಂಚಿಲ್ಲದೆ ಹಿಡಿಯಲಾಗುತ್ತಿರಲಿಲ್ಲ. ಅವರು ಬರಿಗೈಯಲ್ಲಿ ಹಿಡಿದಿದ್ದರು. ಕಿವಿಯ ಹಾಲೆಗಳು ದಪ್ಪಗಾಗಿದ್ದವು, ಹುಬ್ಬಿನ ಕೊನೆಯಲ್ಲಿ ಕೂದಲು ಉದುರಿತ್ತು. ಅಂದು ಗೀರುವಾಗ ಆ ಹಾಲೆಯನ್ನು ನನ್ನ ಬೆರಳುಗಳೇ ಒತ್ತಿ ಹಿಡಿದಿದ್ದವು. ಮತ್ತೆ ಗಾಜಿಗೆ ಸವರಿ ನೋಡಿದೆ. ಅದೇ ಕೆಂಪು ಕಡ್ಡಿಗಳು.

ಪಟೇಲರು ಕಾಫಿಯ ಲೋಟವನ್ನು ದೂರ ಸರಿಸಿದರು. "ಅವತ್ತು ನಾನು ನೋಡಿದ್ದು ನನ್ನವನ್ನೇ ಅನ್ನಿ" ಎಂದರು. ಆಮೇಲೆ ನನ್ನ ಕೈ ಹಿಡಿಯಲು ಬಂದು, ಏನೋ ನೆನಪಾದವರ ಹಾಗೆ ಹಿಂದಕ್ಕೆ ತೆಗೆದುಕೊಂಡರು. "ಸ್ವಾಮಿ, ಮನೇಲಿ ಮದ್ವೆಗೆ ಬಂದ ಮಗ್ಳವ್ಳೆ. ಆಷಾಢ ಕಳದ್ರೆ ಧಾರೆ. ಆ ಹುಡ್ಗಿಗೆ ವಾಸಿಯಾಯ್ತು ಅಂತ ಹೇಳ್ಬುಡಿ. ಅವ್ಳೂ ಮನೆ ಸೇರ್ತಾಳೆ. ನನ್ನ ಇಂಗೇ ಬುಟ್ಬುಡಿ, ಗುಟ್ಟಾಗಿ ಔಷ್ದಿ ತಗೋತೀನಿ."

ನನಗೆ ಅದು ವರದ ಹಾಗೆ ಕೇಳಿಸಿತು. ಅವರ ಮಾನ ಉಳಿಯುವುದರ ಜೊತೆಗೆ ನನ್ನದೂ ಉಳಿಯುತ್ತಿತ್ತು. ಜಗುಲಿಗೆ ಬಂದು, ಊರವರನ್ನು ಸೇರಿಸಿ, ಆ ಹೆಂಗಸಿಗೆ ರೋಗ ಪೂರಾ ವಾಸಿಯಾಗಿದೆ, ಈಗ ಅವಳ ಮೈಯಲ್ಲಿ ಒಂದು ಹುಳವೂ ಇಲ್ಲ ಎಂದು ಸಾರಿದೆ. ಜನ ನನ್ನ ಕಾಲು ಮುಟ್ಟಿದರು. ದೊಡ್ಡರೋಗ ವಾಸಿ ಮಾಡಿದ ಡಾಕ್ಟರು! ಅವಳ ಗಂಡ ಒಂದು ಕರಿ ಕಂಬಳಿ ತಂದು ನನ್ನ ಹೆಗಲಿಗೆ ಹೊದಿಸಿದ. ನಾನು ಅದನ್ನು ತೆಗೆದುಕೊಂಡೆ. ಕಾಂಪೌಂಡರು ಗುಂಪಿನಿಂದ ಎದ್ದು ಹೊರಗೆ ಹೋಗಿ ನಿಂತರು.

ಅವಳು ಮನೆ ಸೇರಿದಳು ಎಂದು ನಾನು ನೆಮ್ಮದಿಯಾಗಿದ್ದೆ. ತಿಂಗಳಾದ ಮೇಲೆ ಒಂದು ಗುರುವಾರ, ಇಂಜೆಕ್ಷನ್ನು ಇಲ್ಲದಿದ್ದರೂ, ಅವಳು ಮಿಡಿಗೇಶಿಯ ಜಗುಲಿಗೆ ಬಂದಳು. ಅಲ್ಲಿದ್ದ ರೋಗಿಗಳೆಲ್ಲ ಹೋಗುವ ತನಕ ಕಂಬಕ್ಕೊರಗಿ ಕೂತಿದ್ದಳು.

"ಮನೆಗೆ ಸೇರಿಸ್ಕೊಂಡವ್ರೆ" ಎಂದಳು. "ಕೊಟ್ಟಿಗೇಲಿ ಮಲುಗ್ತೀನಿ. ತಟ್ಟೆ ಬ್ಯಾರೆ. ಬಾವಿ ಹಗ್ಗ ಮುಟ್ಟಂಗಿಲ್ಲ. ಕೂಸಿಗೆ ಈಗ ನನ್ ಗುರ್ತೇ ಇಲ್ಲ, ಎತ್ಕೊಂಡ್ರೆ ಕಿರ್ಚ್ತದೆ. ವಾಸಿ ಆಯ್ತು ಅಂದ್ರಿ. ವಾಸಿ ಆಯ್ತು ಅಂದ್ರೆ ಬಂದಿತ್ತು ಅಂತ್ಲೇ ಅಲ್ವಾ ಸ್ವಾಮಿ? ಬಂದಿದ್ದು ಇನ್ನೊಂದ್ಸಲ ಬರಾಕಿಲ್ವಾ ಅಂತಾರೆ."

ನಾನು ಔಷಧಿ ಸೀಸೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದೆ.

"ನಂಗೆ ಬಂದೇ ಇರ್ನಿಲ್ಲ" ಎಂದಳು. ಅವಳು ಅದನ್ನು ಕೇಳುತ್ತಿರಲಿಲ್ಲ. ಹೇಳುತ್ತಿದ್ದಳು.

ಆಗ ಬಾಯಿಬಿಟ್ಟೆ. ನಂಬರು ಅಳಿಸಿದ್ದನ್ನು, ಆ ಗಾಜು ಅವಳದಲ್ಲವೆಂದು ಆಮೇಲೆ ತಿಳಿದದ್ದನ್ನು ಹೇಳಿದೆ. ಯಾರದೆಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ತೋಳಿನ ಮೇಲೆ ಎಣ್ಣೆ ಚುಚ್ಚಿದ ಗಂಟುಗಳನ್ನು ಒಂದೊಂದಾಗಿ ಸವರಿಕೊಳ್ಳುತ್ತ ಕೂತಿದ್ದಳು. ಆಮೇಲೆ ಎದ್ದು ಸೆರಗು ಕೊಡವಿಕೊಂಡಳು.

"ನಂಗೇಳಿದ್ರೆ ಏನ್ ಬಂತು? ಅಲ್ಲಿಗೆ ಬಂದು ಹೇಳಿ. ಯಾವ್ ಜಗ್ಲಿ ಮ್ಯಾಗೆ ತೋರುಸಿದ್ರೋ ಅದೇ ಜಗ್ಲಿ ಮ್ಯಾಗೆ."

ಅವಳು ಮುಂದೆ, ಅವಳ ಹಿಂದೆ ಕಾಂಪೌಂಡರು, ಎಲ್ಲರ ಹಿಂದೆ ನಾನು. ಆ ಎರಡು ಮೈಲಿ ಬಿಸಿಲಲ್ಲಿ ನಡೆದು ಹೋದೆವು. ಪಟೇಲರು ಜಗುಲಿಯ ಮೇಲಿದ್ದರು. ನಮ್ಮನ್ನು ನೋಡಿದ ಕೂಡಲೇ ಅವರಿಗೆ ಗೊತ್ತಾಗಿರಬೇಕು, ಎದ್ದು ನಿಂತರು. ಜನ ಸೇರಿದರು. ನಾನು ಮಾತು ತೆಗೆದೆ. ತೆಗೆದದ್ದೇನು, ತಡವರಿಸಿದೆ. ಪೆನ್ಸಿಲು ಕಳಪೆಯದಾಗಿತ್ತು, ಯುದ್ಧಕಾಲದ ಸಾಮಾನು, ಸ್ಪಿರಿಟ್ಟು ತಾಕಿ ನಂಬರು ಅಳಿಸಿತ್ತು, ಹಾಗಾಗಿ ಗಾಜು ಅದಲುಬದಲಾಗಿರುವ ಸಂಭವ ಇದೆ, ಎಂದೇನೇನೋ. ಗುಂಪಿನಲ್ಲಿ ಒಬ್ಬ ಕೂಗಿದ: "ಅವ್ಳದಲ್ದಿದ್ರೆ ಇನ್ಯಾರ್ದು? ಐದ್ ಜನ ತಾನೆ ಕೊಟ್ಟಿದ್ದು?"

ಕಿವಿ ಗೀರಿಸಿಕೊಂಡಿದ್ದ ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಪಕ್ಕದಲ್ಲಿದ್ದವರು ಆಗಲೇ ಸ್ವಲ್ಪ ಸರಿದು ನಿಂತರು. ಅದನ್ನು ಪಟೇಲರು ನೋಡಿದರು.

"ನಂದು ಕಣ್ರಪ್ಪ" ಎಂದರು. "ಆ ಗಾಜು ನಂದು. ದೊಡ್ರೋಗ ನಂಗೈತೆ. ಈ ಹೆಣ್ಮಗ್ಳು ಚೊಕ್ಕ ಅವ್ಳೆ. ನಂಗೊತ್ತಿದ್ದೂ ತಿಂಗ್ಳಿಂದ ಬಾಯ್ಮುಚ್ಕೊಂಡಿದ್ದೆ."

ರುಮಾಲನ್ನು ತೆಗೆದು, ಅವಳ ಕಡೆ ತಿರುಗಿ ಕೈಮುಗಿದರು. ಅವಳು ಪಟೇಲರನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ನೇರ ಅತ್ತೆಯ ಹತ್ತಿರ ಹೋಗಿ ಕೂಸನ್ನು ಎತ್ತಿಕೊಂಡಳು. ಕೂಸು ಕಿರುಚಿತು. ಕಿರುಚುತ್ತಿದ್ದ ಹಾಗೆಯೇ ಅದನ್ನು ಅವಚಿಕೊಂಡು ಮನೆಗೆ ನಡೆದಳು.

ಪಟೇಲರು ಕಳೆದುಕೊಳ್ಳುವುದು ಬೇಕಾದಷ್ಟಿತ್ತು. ಆದರೂ ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರು. ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದ ನಾನು ಪೆನ್ಸಿಲನ್ನು ದೂರುತ್ತ ನಿಂತಿದ್ದೆ. ಎರಡು ಗಾಜು ಎದುರಿಗಿದ್ದಾಗ ನಾನೇ ಆರಿಸಿದೆ, ತಿಳಿದೂ ತಿಳಿದೂ ಬಡವರ ಮನೆಯ ಹೆಂಗಸಿನ ತಲೆಗೆ ಕಟ್ಟಿದೆ ಎಂದು ಆ ಜಗುಲಿಯ ಮೇಲೆ ಹೇಳಲಿಲ್ಲ. ಅಂದು ಹೇಳದ್ದನ್ನು ಈ ಕಾಗದದ ಮೇಲೆ ಈಗ ಬರೆಯುತ್ತಿದ್ದೇನೆ, ಕೇಳಬೇಕಾದವರು ಯಾರೂ ಎದುರಿಗಿಲ್ಲದಾಗ. ಕಂಬಳಿಯನ್ನು ಮಾರನೆಯ ವಾರ ಕಾಂಪೌಂಡರ ಕೈಯಲ್ಲಿ ಹಿಂದಕ್ಕೆ ಕಳಿಸಿದೆ. ನಾನೇ ಒಯ್ಯುವ ಧೈರ್ಯ ಇರಲಿಲ್ಲ.

ಪಟೇಲರ ಮಗಳ ಮದುವೆ ಮುರಿಯಿತು. ಎರಡು ವರ್ಷದ ಮೇಲೆ ಬಹಳ ದೂರದ ಊರಿಗೆ ಕೊಟ್ಟರೆಂದು ಕೇಳಿದೆ. ಅವರು ಪಟೇಲಿಕೆಯನ್ನು ತಮ್ಮನಿಗೆ ಬಿಟ್ಟು, ತೋಟದಲ್ಲಿ ಒಂದು ಕೋಣೆ ಕಟ್ಟಿಸಿಕೊಂಡು ಒಬ್ಬರೇ ಇದ್ದರು. ನಾನು ವರ್ಗವಾಗುವ ತನಕ ಪ್ರತಿ ಗುರುವಾರ ಅಲ್ಲಿಗೇ ಹೋಗಿ ಇಂಜೆಕ್ಷನ್ನು ಕೊಡುತ್ತಿದ್ದೆ. ಒಂದು ದಿನವೂ ಅವರು ಆ ಮಾತೆತ್ತಲಿಲ್ಲ. ಹೋದಾಗಲೆಲ್ಲ ಎಳನೀರು ಕೆತ್ತಿಸಿ ಇಟ್ಟಿರುತ್ತಿದ್ದರು, ಆಳಿನ ಕೈಯಲ್ಲಿ, ತಾವು ಮುಟ್ಟದೆ.

ಯುದ್ಧ ಮುಗಿದ ಮೇಲೆ ನನಗೆ ಶಿರಾಕ್ಕೆ ವರ್ಗವಾಯಿತು. ಕಾಂಪೌಂಡರೂ ಅಷ್ಟರಲ್ಲಿ ತಮ್ಮ ಊರಿಗೆ ಕೇಳಿಕೊಂಡು ಬಂದಿದ್ದರು. ಒಂದು ಬೆಳಿಗ್ಗೆ ರೋಗಿಗಳ ಸಾಲಿನಲ್ಲಿ ಅವಳನ್ನು ಕಂಡೆ. ಕಂಬಳಿ ಮಾರಲು ಗಂಡನ ಜೊತೆ ಬಂದು ತಾವರೆಕೆರೆ ಕಡೆ ನೆಂಟರ ಮನೆಯಲ್ಲಿ ಇಳಿದಿದ್ದಳಂತೆ. ಐದಾರು ವರ್ಷದ ಹುಡುಗಿ ಅವಳ ಸೀರೆ ಹಿಡಿದು ನಿಂತಿದ್ದಳು, ಕಂಕುಳಲ್ಲಿ ಇನ್ನೊಂದು ಕೂಸು. ಹುಡುಗಿಯ ಮೊಣಕಾಲಿನಲ್ಲಿ ಕೀವಾದ ಕುರು. ಸರದಿ ಬಂದಾಗ ನಾನು ಎದ್ದು ನಿಂತೆ. "ಬಾಮ್ಮ" ಎಂದೆ. ಗುರುತು ಹಿಡಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ನಿಮ್ ಕೈಲಿ ಬ್ಯಾಡ ಸ್ವಾಮಿ" ಎಂದಳು ಮೆಲ್ಲಗೆ, ಪಕ್ಕದವರಿಗೆ ಕೇಳದ ಹಾಗೆ. "ಆ ಸಾಬಣ್ಣ ಅವ್ರಲ್ಲ, ಅವ್ರ್ ತಾವ ತೋರುಸ್ತೀನಿ."

ಕಾಂಪೌಂಡರು ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ, ಬಿಸಿನೀರು ತರಿಸಿ, ಕುರು ಒಡೆದು ತೊಳೆದರು. ನಾನು ಮುಂದಿನ ರೋಗಿಯನ್ನು ಕರೆದೆ.